ಮಾಡಿದ್ದುಣ್ಣೋ ಮಹರಾಯ, ಆದರೆ ಮಾಡಿದವರು ಯಾರು?

ಮಣಿಪುರದಲ್ಲಿ, ಬರ್ಮಾ ಗಡಿಯ ಮೋರೆ ಪಟ್ಟಣದಿಂದ ಇಂಫಾಲಕ್ಕೆ ಬರುವ ರಸ್ತೆಯಲ್ಲಿ 1980ರ ದಶಕದಲ್ಲಿ ಹೊಸ ಸರಕೊಂದು ಇಳಿಯತೊಡಗಿತು. ಊರಿನವರು ಅದನ್ನು ‘ನಂಬರ್ ಫೋರ್’ ಎಂದರು. ಶುದ್ಧಿ ಮಾಡಿದ ಬಿಳಿ ಹೆರಾಯಿನ್. ನೀರಿನಲ್ಲಿ ಸಲೀಸಾಗಿ ಕರಗುವ ಪುಡಿಯಾದ್ದರಿಂದ ಸೇದುವುದಕ್ಕಿಂತ ಚುಚ್ಚಿಕೊಳ್ಳುವುದೇ ರೂಢಿಯಾಯಿತು. ಸಿರಿಂಜ್ ಇಟ್ಟುಕೊಂಡು ಸಿಕ್ಕಿಬಿದ್ದರೆ ಪೊಲೀಸರ ಕಾಟ. ಹಾಗಾಗಿ ಒಂದೇ ಸಿರಿಂಜ್ ನಾಲ್ಕಾರು ತೋಳುಗಳ ನಡುವೆ ಓಡಾಡುತ್ತಿತ್ತು. 1989–90ರಲ್ಲಿ ಅಲ್ಲಿನ ಬಳಕೆದಾರರ ರಕ್ತದಲ್ಲಿ ಎಚ್‌ಐವಿ ಮೊದಲು ಕಾಣಿಸಿತು. ಒಂದೆರಡು ವರ್ಷ ಕಳೆಯುವುದರೊಳಗೆ, ಪರೀಕ್ಷೆಗೆ ಸಿಕ್ಕವರಲ್ಲಿ ಅರ್ಧಕ್ಕೂ ಹೆಚ್ಚು ಜನಕ್ಕೆ ಸೋಂಕು ತಗುಲಿತ್ತು.

ಸಮಾಜ ಉತ್ತರ ಕೊಡಲು ತಡಮಾಡಲಿಲ್ಲ. ಹೆತ್ತವರೇ ಕೈಲಾಗದೆ ಮಕ್ಕಳನ್ನು ಜೈಲಿಗೆ ಸೇರಿಸಿದ್ದುಂಟು. ಬಂಡುಕೋರ ಗುಂಪುಗಳು ಬಳಕೆದಾರರ ಕಾಲಿಗೆ ಗುಂಡು ಹೊಡೆದವು, ಕೆಲವರನ್ನು ಕೊಂದೂ ಹಾಕಿದವು. ಕಣಿವೆಯಲ್ಲಿ ವೈಷ್ಣವರು ಹೆಚ್ಚು, ಗುಡ್ಡಗಳಲ್ಲಿ ಕ್ರೈಸ್ತರು ಹೆಚ್ಚು. ದೇವರು ಬೇರೆ ಬೇರೆಯಾದರೂ ಕೇಳಿಬಂದ ತೀರ್ಪು ಹೆಚ್ಚುಕಡಿಮೆ ಒಂದೇ: ಮಾಡಿದ್ದಕ್ಕೆ ತಕ್ಕ ಫಲ. ಕನ್ನಡದವರಿಗೂ ಈ ತೀರ್ಪು ಹೊಸದಲ್ಲ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆ ಬಾಯಲ್ಲೇ ಇದೆ, ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ಅದನ್ನೇ ಹೆಸರಾಗಿ ಇಟ್ಟರು.

ಆ ಸಿರಿಂಜುಗಳಲ್ಲಿ ಇನ್ನೊಂದು ವೈರಾಣುವೂ ಇತ್ತು. ಅದರ ಗುರುತು ಹತ್ತಿದ್ದೇ 1989ರಲ್ಲಿ. ಅಲ್ಲಿಯವರೆಗೆ ವೈದ್ಯರು ಅದನ್ನು ‘ಎ ಅಲ್ಲದ, ಬಿ ಅಲ್ಲದ’ ಹೆಪಟೈಟಿಸ್ ಎಂದು ಕರೆದು ಸುಮ್ಮನಾಗುತ್ತಿದ್ದರು. ಅದೇ ಹೆಪಟೈಟಿಸ್ ಸಿ. ಅದರ ಶೋಧಕ್ಕಾಗಿ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಸಂದಿತು. ರಕ್ತದ ಮೂಲಕ ಇದು ಎಚ್‌ಐವಿಗಿಂತ ಸುಲಭವಾಗಿ ದಾಟುತ್ತದೆ. ಬಳಸಿ ಬಿಸಾಡಿದ ಸಿರಿಂಜಿನಲ್ಲಿ ಇದು 63 ದಿನಗಳವರೆಗೂ ಜೀವ ಹಿಡಿದಿರಬಲ್ಲದು ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ದೇಹದೊಳಗೆ ಹೊಕ್ಕಮೇಲೆ ಸದ್ದಿಲ್ಲದೆ ಇಪ್ಪತ್ತು, ಮೂವತ್ತು ವರ್ಷ ಲಿವರಿನಲ್ಲಿ ಕೂತಿರುತ್ತದೆ. ಜೊತೆಗೆ ಎಚ್‌ಐವಿ ಇದ್ದರೆ ಅಷ್ಟು ವರ್ಷ ಕಾಯುವುದಿಲ್ಲ. ಲಿವರ್ ಗಟ್ಟಿಯಾಗಿ ಸಿರೋಸಿಸ್‌ಗೆ ತಿರುಗುವ ವೇಗ ಹೆಚ್ಚುತ್ತದೆ.

2016ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ ಎಚ್‌ಐವಿ ಇರುವವರಲ್ಲಿ ಸುಮಾರು 23 ಲಕ್ಷ ಜನಕ್ಕೆ ಹೆಪಟೈಟಿಸ್ ಸಿ ಕೂಡ ತಗುಲಿತ್ತು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಾದಕ ವಸ್ತು ಚುಚ್ಚಿಕೊಳ್ಳುವವರು. ಎಚ್‌ಐವಿ ಇರುವ ಅಂಥ ಬಳಕೆದಾರರನ್ನಷ್ಟೇ ತೆಗೆದುಕೊಂಡರೆ ನೂರಕ್ಕೆ 82 ಮಂದಿಯಲ್ಲಿ ಹೆಪಟೈಟಿಸ್ ಸಿ ಗುರುತಿತ್ತು. ಭಾರತ ಸರ್ಕಾರ 2004ರ ಏಪ್ರಿಲ್‌ನಲ್ಲಿ ಎಚ್‌ಐವಿಗೆ ಉಚಿತ ಎಆರ್‌ಟಿ ಮಾತ್ರೆ ಕೊಡಲು ಶುರುಮಾಡಿತು. ಏಡ್ಸ್‌ನಿಂದ ಪಾರಾದವರು ಬದುಕಿದರು. ಆದರೆ ಬದುಕಿದ್ದರಿಂದಲೇ ಲಿವರಿನ ಕಾಯಿಲೆ ಬಲಿಯಲು ಸಮಯ ಸಿಕ್ಕಿತು. ಒಂದು ವೈರಾಣುವಿಗೆ ಔಷಧ ಪುಕ್ಕಟೆ, ಇನ್ನೊಂದಕ್ಕೆ ಲಕ್ಷಗಟ್ಟಲೆ ಎಂಬ ವಿಚಿತ್ರ ಸ್ಥಿತಿಯಲ್ಲಿ ವರ್ಷಗಳೇ ಕಳೆದವು.

ಈ ಜೋಡಿ ಸೋಂಕು ವೈದ್ಯರಿಗೆ ಕಷ್ಟ ಕೊಟ್ಟಂತೆ ಧರ್ಮಚಿಂತನೆಗೂ ಕೊಟ್ಟಿದೆ. ಕಾಯಿಲೆ ಎಂಬುದು ತೀರ್ಪೇ? ಪಾಪ ಮಾಡಿದವನನ್ನು ಹುಡುಕಿಕೊಂಡು ಬರುವ ಫಲವೇ? ಸೋಂಕು ಸೂಜಿಯಿಂದ ಬಂತು, ಸೂಜಿಯನ್ನು ಅವನೇ ಚುಚ್ಚಿಕೊಂಡ ಎಂದಾಗ ಈ ಪ್ರಶ್ನೆಗೆ ಹೌದು ಎನ್ನುವುದು ಬಹಳ ಸುಲಭ. ಆ ಸುಲಭದ ಉತ್ತರ ಎಷ್ಟು ದೂರ ನಡೆಯುತ್ತದೆ ಎಂದು ನೋಡಬೇಕಾದರೆ ಇದೇ ಎರಡು ವೈರಾಣುಗಳು ಜೊತೆಯಾಗಿ ಹೊಕ್ಕ ಬೇರೆ ಊರುಗಳಿಗೆ ಹೋಗಬೇಕು.

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಟ್ರೆಲೋರ್ ಎಂಬ ವಸತಿಶಾಲೆಯಿದೆ. ಅಂಗವಿಕಲ ಮಕ್ಕಳಿಗೆಂದು ಕಟ್ಟಿದ್ದು. 1970ರಿಂದ 1987ರವರೆಗೆ ಹೀಮೋಫಿಲಿಯಾ ಇದ್ದ 122 ಹುಡುಗರು ಅಲ್ಲಿ ಓದಿದರು. ಸಣ್ಣ ಪೆಟ್ಟಾದರೂ ರಕ್ತ ನಿಲ್ಲದ ಕಾಯಿಲೆ ಅದು. ರಕ್ತ ಹೆಪ್ಪುಗಟ್ಟಿಸುವ ‘ಫ್ಯಾಕ್ಟರ್ 8’ ಎಂಬ ಪುಡಿಯನ್ನು ಅವರಿಗೆ ಆವರಣದಲ್ಲೇ ಇದ್ದ ಸರ್ಕಾರಿ ವೈದ್ಯರು ಚುಚ್ಚುತ್ತಿದ್ದರು. ಆ ಪುಡಿ ಬಹುಪಾಲು ಅಮೆರಿಕದಿಂದ ಬರುತ್ತಿತ್ತು. ಸಾವಿರಾರು ಜನರ ಪ್ಲಾಸ್ಮಾವನ್ನು ಒಂದೇ ಹಂಡೆಗೆ ಸುರಿದು ಅದರಿಂದ ತೆಗೆದದ್ದು. ಹಣ ಕೊಟ್ಟು ಪ್ಲಾಸ್ಮಾ ಕೊಳ್ಳುತ್ತಿದ್ದ ಕಂಪನಿಗಳು ಜೈಲಿನ ಕೈದಿಗಳಿಂದಲೂ, ಮಾದಕ ವ್ಯಸನಿಗಳಿಂದಲೂ ಕೊಳ್ಳುತ್ತಿದ್ದವು. ಆ ರಕ್ತದಲ್ಲಿದ್ದ ವೈರಾಣುಗಳು ಪುಡಿಯ ಜೊತೆ ಹುಡುಗರಿಗೂ ದಾಟಿದವು. ಆ 122 ಹುಡುಗರಲ್ಲಿ 2024ರ ಹೊತ್ತಿಗೆ ಉಳಿದಿದ್ದವರು ಸುಮಾರು ಮೂವತ್ತು ಮಂದಿ.

ಈ ಸೋಂಕಿತ ರಕ್ತದ ಬಗ್ಗೆ ತನಿಖೆ ನಡೆಸಿದ ಸರ್ ಬ್ರಯಾನ್ ಲ್ಯಾಂಗ್‌ಸ್ಟಾಫ್ ಅವರ ವಿಚಾರಣಾ ಆಯೋಗ 2024ರ ಮೇ 20ರಂದು ವರದಿ ಕೊಟ್ಟಿತು. ಬ್ರಿಟನ್ನಿನಲ್ಲಿ 30,000ಕ್ಕೂ ಹೆಚ್ಚು ಜನಕ್ಕೆ ರಕ್ತ ಮತ್ತು ರಕ್ತದ ಉತ್ಪನ್ನಗಳ ಮೂಲಕ ಎಚ್‌ಐವಿ, ಹೆಪಟೈಟಿಸ್ ಸಿ ಅಥವಾ ಎರಡೂ ತಗುಲಿದ್ದವು, ಸುಮಾರು 3,000 ಮಂದಿ ಸತ್ತಿದ್ದರು. ಎಚ್‌ಐವಿ ತಗುಲಿದ ಹೀಮೋಫಿಲಿಯಾ ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ಹೆಪಟೈಟಿಸ್ ಸಿ ಕೂಡ ಇತ್ತು. ಇದು ಆಕಸ್ಮಿಕವಲ್ಲ, ತಪ್ಪಿಸಬಹುದಾಗಿತ್ತು, ಸರ್ಕಾರಗಳು ವರ್ಷಗಟ್ಟಲೆ ಮುಚ್ಚಿಟ್ಟವು ಎಂಬುದು ಆಯೋಗದ ತೀರ್ಮಾನ.

ಈಗ ಆ ಹಂಡೆಯನ್ನು ನೋಡಿ. ಕೈದಿಯ ರಕ್ತ, ವ್ಯಸನಿಯ ರಕ್ತ, ಬಡ ವಿದ್ಯಾರ್ಥಿಯ ರಕ್ತ ಒಂದರಲ್ಲೊಂದು ಬೆರೆತಿದೆ. ಅದರಿಂದ ತೆಗೆದ ಪುಡಿ ಹತ್ತು ವರ್ಷದ ಹುಡುಗನ ನರಕ್ಕೆ ಹೋಗಿದೆ. ಇಲ್ಲಿ ಯಾರ ಕರ್ಮದ ಫಲ ಯಾರಿಗೆ? ಹುಡುಗನ ಪೂರ್ವಜನ್ಮದ್ದು ಎನ್ನುವವರು ಇದ್ದಾರೆ. ಆದರೆ ಹಾಗೆ ಹೇಳಿದ ಕ್ಷಣಕ್ಕೆ ಕಂಪನಿ, ಮಂತ್ರಿ, ವೈದ್ಯ ಮೂವರೂ ಕಟಕಟೆಯಿಂದ ಇಳಿದು ಮನೆಗೆ ಹೋಗಬಹುದು. ಪೂರ್ವಜನ್ಮದ ವಾದದಲ್ಲಿರುವ ಅನುಕೂಲ ಅದು. ಅದರ ಲಾಭ ರೋಗಿಗೆ ಮಾತ್ರ ಸಿಗುವುದಿಲ್ಲ.

ಇನ್ನೊಂದು ದಾರಿಯನ್ನು ಲೋಕ ಕಂಡುಕೊಂಡಿತು. ರೋಗಿಗಳನ್ನು ಎರಡು ಸಾಲಾಗಿ ನಿಲ್ಲಿಸಿತು: ಪಾಪ, ಏನೂ ಅರಿಯದವರು ಒಂದು ಕಡೆ, ಬೇಕೆಂದು ತಂದುಕೊಂಡವರು ಇನ್ನೊಂದು ಕಡೆ. ಅಮೆರಿಕದ ಇಂಡಿಯಾನಾದಲ್ಲಿ ರಯಾನ್ ವೈಟ್ ಎಂಬ ಹೀಮೋಫಿಲಿಯಾ ಹುಡುಗನಿಗೆ 1984ರಲ್ಲಿ ಏಡ್ಸ್ ಇರುವುದು ಗೊತ್ತಾಗಿ ಶಾಲೆಯವರು ಒಳಗೆ ಬಿಡದಿದ್ದಾಗ ದೇಶವೇ ಮರುಗಿತು. 1990ರ ಏಪ್ರಿಲ್‌ನಲ್ಲಿ ಅವನು ತೀರಿಕೊಂಡ ಮೇಲೆ ಏಡ್ಸ್ ಚಿಕಿತ್ಸೆಯ ದೊಡ್ಡ ಕಾಯಿದೆಗೆ ಅವನ ಹೆಸರಿಟ್ಟರು. ಆ ಮರುಕದಲ್ಲಿ ಉಳಿದ ರೋಗಿಗಳಿಗೆ ಪಾಲಿರಲಿಲ್ಲ. ಹುಡುಗ ಮಾತ್ರ ಈ ವಿಂಗಡಣೆಯನ್ನು ಒಪ್ಪಲಿಲ್ಲ. ಹೇಗೆ ಬಂದಿದ್ದರೂ ತಾನೂ ಉಳಿದವರಂತೆ ಒಬ್ಬ ರೋಗಿ ಎಂಬುದು ಅವನ ನಿಲುವು. ಹದಿಹರೆಯದವನಿಗೆ ಹೊಳೆದದ್ದು ಎಷ್ಟೋ ಧರ್ಮಪೀಠಗಳಿಗೆ ಹೊಳೆದಿರಲಿಲ್ಲ.

ಅಪರಾಧಿಯೊಬ್ಬ ಬೇಕೇ ಬೇಕು ಎಂಬ ಹಟ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಲಿಬಿಯಾದ ಬೆಂಗಾಜಿಗಿಂತ ಭೀಕರ ಉದಾಹರಣೆ ಸಿಗುವುದು ಕಷ್ಟ. 1998ರಲ್ಲಿ ಅಲ್ಲಿನ ಅಲ್-ಫತೇಹ್ ಮಕ್ಕಳ ಆಸ್ಪತ್ರೆಯಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ತಗುಲಿರುವುದು ಬಯಲಾಯಿತು. ಅವರಲ್ಲಿ ಅನೇಕರಿಗೆ ಹೆಪಟೈಟಿಸ್ ಸಿ ಕೂಡ ಇತ್ತು. ಗಡಾಫಿಯ ಸರ್ಕಾರ ಬಲ್ಗೇರಿಯಾದ ಐವರು ನರ್ಸ್‌ಗಳನ್ನು, ಪ್ಯಾಲೆಸ್ಟೀನ್ ಮೂಲದ ಒಬ್ಬ ವೈದ್ಯನನ್ನು ಹಿಡಿದು ಬೇಕೆಂದೇ ಸೋಂಕು ಹಚ್ಚಿದವರೆಂದು ಆರೋಪಿಸಿತು. ಚಿತ್ರಹಿಂಸೆ, ತಪ್ಪೊಪ್ಪಿಗೆ, 2004ರಲ್ಲಿ ಮರಣದಂಡನೆ, 2006ರ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಮರಣದಂಡನೆ.

ಏಡ್ಸ್ ವೈರಾಣುವಿನ ಶೋಧಕರಲ್ಲಿ ಒಬ್ಬರಾದ ಲುಕ್ ಮೊಂಟಾನ್ಯೆ ಆಗಲೇ ಹೇಳಿದ್ದರು: ಕಾರಣ ಆಸ್ಪತ್ರೆಯ ಕೊಳಕು, ಮತ್ತೆ ಮತ್ತೆ ಬಳಸಿದ ಉಪಕರಣಗಳು ಎಂದು. ನ್ಯಾಯಾಲಯ ಕೇಳಲಿಲ್ಲ. ಕೊನೆಗೆ ಮಕ್ಕಳ ರಕ್ತದಲ್ಲಿದ್ದ ವೈರಾಣುಗಳೇ ಸಾಕ್ಷಿ ಹೇಳಬೇಕಾಯಿತು. ವೈರಾಣುವಿನ ಆನುವಂಶಿಕ ಬರಹ ವರ್ಷದಿಂದ ವರ್ಷಕ್ಕೆ ಒಂದು ಗತಿಯಲ್ಲಿ ಬದಲಾಗುತ್ತದೆ. ಎಷ್ಟು ಬದಲಾಗಿದೆ ಎಂದು ಲೆಕ್ಕ ಹಾಕಿದರೆ ಎಷ್ಟು ಕಾಲದಿಂದ ಹರಡುತ್ತಿದೆ ಎಂದು ತಿಳಿಯುತ್ತದೆ. 2006ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಎಚ್‌ಐವಿ, ಹೆಪಟೈಟಿಸ್ ಸಿ ಎರಡರ ಬರಹವನ್ನೂ ಓದಿ, ಆ ವಿದೇಶಿ ಸಿಬ್ಬಂದಿ 1998ರ ಮಾರ್ಚ್‌ನಲ್ಲಿ ಆಸ್ಪತ್ರೆಗೆ ಬರುವ ಮೊದಲೇ ಎರಡೂ ಅಲ್ಲಿ ಹರಡುತ್ತಿದ್ದವು ಎಂದು ತೋರಿಸಿತು. 2007ರ ಜುಲೈ 24ರಂದು ಆರೂ ಜನ ಸೋಫಿಯಾಕ್ಕೆ ಬಂದಿಳಿದರು. ಎಂಟು ವರ್ಷ ಜೈಲಿನಲ್ಲಿ ಕಳೆದಿದ್ದರು.

ಹೆಪಟೈಟಿಸ್ ಸಿ ಒಂದೇ ಹಬ್ಬಿದ ಈಜಿಪ್ಟಿನದು ಇನ್ನೂ ಗೋಜಲು. 1950ರ ದಶಕದಿಂದ 1980ರ ದಶಕದವರೆಗೆ ಅಲ್ಲಿನ ಸರ್ಕಾರ ಹಳ್ಳಿಗರನ್ನು ಬಿಲ್ಹಾರ್ಜಿಯಾ ಎಂಬ ಹುಳದ ಕಾಯಿಲೆಯಿಂದ ಕಾಪಾಡಲು ಸಾಮೂಹಿಕವಾಗಿ ಇಂಜೆಕ್ಷನ್ ಕೊಟ್ಟಿತು. ಗಾಜಿನ ಸಿರಿಂಜುಗಳು ಸರಿಯಾಗಿ ಕುದಿಯದೆ ತೋಳಿನಿಂದ ತೋಳಿಗೆ ಹೋದವು. ಜಗತ್ತಿನಲ್ಲೇ ಅತಿ ಹೆಚ್ಚು ಹೆಪಟೈಟಿಸ್ ಸಿ ಇರುವ ದೇಶಗಳಲ್ಲಿ ಒಂದಾಯಿತು ಈಜಿಪ್ಟ್. ಮಾಡಿದವರು ಪುಣ್ಯದ ಕೆಲಸವನ್ನೇ ಮಾಡಿದ್ದರು. ಉಂಡವರು ಬೇರೆ.

ಧರ್ಮಗ್ರಂಥಗಳು ಈ ಬಗ್ಗೆ ಏನೂ ಹೇಳಿಲ್ಲವೆಂದಲ್ಲ. ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನೊಬ್ಬನನ್ನು ಕಂಡು ಏಸುವನ್ನು ಕೇಳುತ್ತಾರೆ: ಪಾಪ ಮಾಡಿದ್ದು ಇವನೋ, ಇವನ ತಾಯಿತಂದೆಯೋ ಎಂದು. ಇಬ್ಬರೂ ಅಲ್ಲ ಎನ್ನುತ್ತಾನೆ ಏಸು, ಕೆಸರು ಕಲಸಿ ಕಣ್ಣಿಗೆ ಹಚ್ಚುತ್ತಾನೆ. ಪ್ರಶ್ನೆ ಕೇಳಿದವರು ಕುರುಡನ ಬೆನ್ನ ಹಿಂದಿನ ಕಾಲವನ್ನು ತಡಕುತ್ತಿದ್ದರು. ಏಸು ನೋಡಿದ್ದು ಕಣ್ಣನ್ನು. ಕ್ರೈಸ್ತ ದೇಶಗಳಲ್ಲಿ ಏಡ್ಸ್ ದೇವರ ಶಿಕ್ಷೆ ಎಂದು ವೇದಿಕೆಯಿಂದ ಗುಡುಗಿದ ಬೋಧಕರು ಈ ಅಧ್ಯಾಯವನ್ನು ಓದಿರಲಿಲ್ಲವೇ ಎಂದು ಕೇಳಬಹುದು. ಓದಿದ್ದರು ಎಂಬುದೇ ಬೇಸರದ ಸಂಗತಿ.

ಪಾಳಿಯ ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ರಾಜಗೃಹದಲ್ಲಿ ಬುದ್ಧನ ಬಳಿ ಬರುತ್ತಾನೆ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವರು ಹೇಳುತ್ತಾರಲ್ಲ, ನೀವೇನೆನ್ನುತ್ತೀರಿ ಎಂಬುದು ಅವನ ಪ್ರಶ್ನೆ. ಬುದ್ಧ ಎಂಟು ಕಾರಣ ಎಣಿಸುತ್ತಾನೆ: ಪಿತ್ತ, ಕಫ, ವಾತ, ಈ ಮೂರರ ಬೆರಕೆ, ಋತುವಿನ ಬದಲಾವಣೆ, ಅಜಾಗರೂಕತೆ, ಹೊರಗಿನ ಆಘಾತ, ಕೊನೆಯದಾಗಿ ಕರ್ಮ. ಎಂಟರಲ್ಲಿ ಒಂದು. ಎಲ್ಲಕ್ಕೂ ಕರ್ಮವೇ ಕಾರಣ ಎನ್ನುವವರು ತಮಗೆ ತಿಳಿದದ್ದನ್ನೂ ಲೋಕ ಕಂಡದ್ದನ್ನೂ ಮೀರಿ ಮಾತಾಡುತ್ತಾರೆ ಎಂದು ಅವನು ಖಂಡಿಸುತ್ತಾನೆ. ಕರ್ಮಸಿದ್ಧಾಂತವನ್ನು ಜಗತ್ತಿಗೆ ಸಾರಿದವನೇ ಹೀಗೆ ಹೇಳಿದ್ದು.

ಚರಕಸಂಹಿತೆಯ ವಿಮಾನಸ್ಥಾನದ ಮೂರನೇ ಅಧ್ಯಾಯ ಇನ್ನೂ ಹತ್ತಿರಕ್ಕೆ ಬರುತ್ತದೆ. ಪಾಂಚಾಲದ ಕಾಂಪಿಲ್ಯದಲ್ಲಿ, ಗಂಗೆಯ ದಂಡೆಯಲ್ಲಿ ಪುನರ್ವಸು ಆತ್ರೇಯ ಶಿಷ್ಯರೊಡನೆ ನಡೆಯುತ್ತಿದ್ದಾನೆ. ಅಗ್ನಿವೇಶನ ಪ್ರಶ್ನೆ ಸೊಗಸಾಗಿದೆ: ಜನರ ಪ್ರಕೃತಿ, ಆಹಾರ, ಬಲ, ವಯಸ್ಸು ಎಲ್ಲ ಬೇರೆ ಬೇರೆ, ಹಾಗಿದ್ದೂ ಒಂದೇ ಕಾಯಿಲೆ ಒಂದೇ ಹೊತ್ತಿನಲ್ಲಿ ಇಡೀ ನಾಡನ್ನು ಹೇಗೆ ಅಳಿಸುತ್ತದೆ? ಗಾಳಿ, ನೀರು, ನೆಲ, ಕಾಲ ಈ ನಾಲ್ಕು ಎಲ್ಲರಿಗೂ ಸಮಾನ, ಅವು ಕೆಟ್ಟರೆ ಎಲ್ಲರೂ ಕೆಡುತ್ತಾರೆ ಎಂಬುದು ಆತ್ರೇಯನ ಉತ್ತರ. ಅವು ಕೆಡಲು ಅಧರ್ಮ ಮೂಲ ಎಂದೂ ಹೇಳುತ್ತಾನೆ. ಆದರೆ ಯಾರ ಅಧರ್ಮ? ದೇಶ, ನಗರ, ಜನಪದಗಳ ಮುಖ್ಯಸ್ಥರು ಧರ್ಮ ಮೀರಿದಾಗ, ಅವರನ್ನು ಆಶ್ರಯಿಸಿದವರು, ವ್ಯವಹಾರದಲ್ಲಿರುವವರು ಅದನ್ನು ಬೆಳೆಸಿದಾಗ ಎಂದು ಪಟ್ಟಿಯನ್ನು ಮೇಲಿನಿಂದ ಶುರುಮಾಡುತ್ತಾನೆ. ಲ್ಯಾಂಗ್‌ಸ್ಟಾಫ್ ವರದಿಯ ಪಟ್ಟಿಯೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿದೆ.

ಅದೇ ಅಧ್ಯಾಯದಲ್ಲಿ ಆಯುಸ್ಸು ಮೊದಲೇ ಗೊತ್ತುಮಾಡಿದ್ದೇ ಎಂಬ ಚರ್ಚೆಯೂ ಬರುತ್ತದೆ. ದೈವವೂ ಇದೆ, ಪುರುಷಕಾರವೂ, ಅಂದರೆ ಮನುಷ್ಯನ ಪ್ರಯತ್ನವೂ ಇದೆ, ಬಲವಾದದ್ದು ಗೆಲ್ಲುತ್ತದೆ ಎನ್ನುತ್ತಾನೆ ಆತ್ರೇಯ. ಎಲ್ಲವೂ ಮೊದಲೇ ಬರೆದಿಟ್ಟದ್ದಾದರೆ ಔಷಧವನ್ನು ಯಾರು ಅರೆಯುತ್ತಿದ್ದರು? ಹಣೆಬರಹ ಎಂದು ಕೈಚೆಲ್ಲುವವರಿಗೆ ಇಷ್ಟು ಖಡಕ್ಕಾಗಿ ಉತ್ತರಿಸಿದ ವೈದ್ಯರು ಕಡಿಮೆ.

ಇಷ್ಟಾದರೂ ಕರ್ಮದ ಮಾತನ್ನು ಪೂರ್ತಿ ತಳ್ಳಿಹಾಕುವುದು ಅಪ್ರಾಮಾಣಿಕವಾದೀತು. ‘ನನ್ನ ಕರ್ಮ, ನಾನೇ ಅನುಭವಿಸಬೇಕು’ ಎಂದು ಹೇಳುವ ರೋಗಿಗೆ ಆ ಮಾತಿನಲ್ಲಿ ಒಂದು ಗಟ್ಟಿ ನೆಲ ಸಿಗುತ್ತದೆ. ತನ್ನ ಬದುಕು ಯಾರೋ ಎಸೆದ ಕಲ್ಲಲ್ಲ, ತಾನು ಮಾಡಿದ್ದೂ ಅದರಲ್ಲಿ ಸೇರಿದೆ, ಹಾಗಾದರೆ ಇನ್ನು ಮುಂದೆ ಮಾಡುವುದೂ ಸೇರುತ್ತದೆ ಎಂಬ ಭರವಸೆ ಅದು. ಈಶಾನ್ಯದ ಊರುಗಳಲ್ಲೂ ಸಭೆ ಸೇರುವ ನಾರ್ಕೋಟಿಕ್ಸ್ ಅನಾನಿಮಸ್ ಬಳಗದ ಹನ್ನೆರಡು ಹೆಜ್ಜೆಗಳಲ್ಲಿ ನಾಲ್ಕನೆಯದು ಇದೇ: ತನ್ನ ನಡತೆಯ ಲೆಕ್ಕವನ್ನು ಅಂಜದೆ ತಾನೇ ತೆಗೆಯುವುದು. ಪಕ್ಕದಲ್ಲಿ ಕೂತವನ ಲೆಕ್ಕ ತೆಗೆಯುವ ಹೆಜ್ಜೆ ಹನ್ನೆರಡರಲ್ಲಿ ಎಲ್ಲೂ ಇಲ್ಲ. ಕರ್ಮ ಉತ್ತಮಪುರುಷದಲ್ಲಿ ಹೇಳಿಕೊಳ್ಳಬೇಕಾದ ಮಾತು. ಪ್ರಥಮಪುರುಷಕ್ಕೆ ಹೊರಳಿದ ಕೂಡಲೇ ಅದು ಕ್ರೌರ್ಯವಾಗುತ್ತದೆ.

ಕ್ರೌರ್ಯ ಬರೀ ಮಾತಿನದಾಗಿದ್ದರೆ ಸಹಿಸಬಹುದಿತ್ತು. ಸೂಜಿಯ ವಿಷಯದಲ್ಲಿ ಅದು ಜೀವಕ್ಕೇ ಬಂತು. ಚುಚ್ಚಿಕೊಳ್ಳುವುದನ್ನು ಇವತ್ತೇ ಬಿಡಲಾಗದವನಿಗೆ ಹೊಸ ಸೂಜಿ ಕೊಟ್ಟರೆ ಎರಡೂ ವೈರಾಣುಗಳ ದಾರಿ ಕಟ್ಟಿಹಾಕಬಹುದು. ಆದರೆ ಕೊಟ್ಟವನು ಪಾಪದಲ್ಲಿ ಪಾಲುದಾರನೇ? 1999ರಲ್ಲಿ ಸಿಡ್ನಿಯ ಕಿಂಗ್ಸ್ ಕ್ರಾಸ್‌ನಲ್ಲಿ ನರ್ಸ್‌ಗಳ ಕಣ್ಣೆದುರು ಶುದ್ಧ ಸೂಜಿಯಲ್ಲಿ ಚುಚ್ಚಿಕೊಳ್ಳುವ ಕೇಂದ್ರ ನಡೆಸಲು ಸಿಸ್ಟರ್ಸ್ ಆಫ್ ಚಾರಿಟಿಯ ಕ್ಯಾಥೊಲಿಕ್ ಸನ್ಯಾಸಿನಿಯರು ಮುಂದಾದರು. ವ್ಯಾಟಿಕನ್ನಿನಲ್ಲಿ ಆಗ ಕಾರ್ಡಿನಲ್ ರಾಟ್‌ಸಿಂಗರ್ ನಡೆಸುತ್ತಿದ್ದ ಧರ್ಮಸಿದ್ಧಾಂತ ವಿಭಾಗ ಹಿಂದೆ ಸರಿಯಿರೆಂದು ಆಜ್ಞೆ ಮಾಡಿತು. ಸನ್ಯಾಸಿನಿಯರು ಸರಿದರು. ಯುನೈಟಿಂಗ್ ಚರ್ಚ್ ಎಂಬ ಇನ್ನೊಂದು ಕ್ರೈಸ್ತ ಪಂಥ ಆ ಹೊಣೆ ಹೊತ್ತು 2001ರ ಮೇ ತಿಂಗಳಲ್ಲಿ ಕೇಂದ್ರ ತೆರೆಯಿತು. ಒಂದೇ ಬೈಬಲ್, ಎರಡು ನಿರ್ಧಾರ.

ಇರಾನಿನ ಕತೆ ಅನೇಕರನ್ನು ಅಚ್ಚರಿಗೊಳಿಸುತ್ತದೆ. ಕಠಿಣ ಷರಿಯತ್ ಕಾನೂನಿನ ಆ ದೇಶದ ನ್ಯಾಯಾಂಗದ ಮುಖ್ಯಸ್ಥರಾಗಿದ್ದ ಆಯತುಲ್ಲಾ ಶಾಹ್ರೂದಿ 2005ರಲ್ಲಿ ಸೂಜಿ ಹಂಚುವ, ಹೆರಾಯಿನ್ ಬದಲಿಗೆ ಮೆಥಡೋನ್ ಔಷಧ ಕೊಡುವ ಕಾರ್ಯಕರ್ತರಿಗೆ ಅಡ್ಡಿಪಡಿಸಬೇಡಿ ಎಂದು ಆದೇಶ ಹೊರಡಿಸಿದರು. ಮಲೇಷ್ಯಾದ ಕೌಲಾಲಂಪುರದಲ್ಲಿ ಅರ್-ರಹಮಾನ್ ಮಸೀದಿಯ ಒಳಗೇ 2010ರಲ್ಲಿ ಮೆಥಡೋನ್ ಕೇಂದ್ರ ಶುರುವಾಯಿತು. ಎರಡು ಕೇಡುಗಳಲ್ಲಿ ಸಣ್ಣದನ್ನು ಆರಿಸಿಕೋ ಎಂಬ ಇಸ್ಲಾಮೀ ಧರ್ಮಶಾಸ್ತ್ರದ (ಫಿಕ್ಹ್) ಹಳೆಯ ನಿಯಮವನ್ನು ಅಲ್ಲಿನ ಧರ್ಮಜ್ಞರು ಆಧಾರವಾಗಿ ಇಟ್ಟುಕೊಂಡರು.

ಮಣಿಪುರವೂ ಕಲಿಯಿತು, ಉಳಿದ ಭಾರತಕ್ಕಿಂತ ಮೊದಲೇ. 1991ರಲ್ಲಿ ಇಂಫಾಲದ ಮಾಜಿ ಬಳಕೆದಾರರೇ ಕೂಡಿ ‘ಸಾಸೋ’ ಎಂಬ ಸಂಸ್ಥೆ ಕಟ್ಟಿದರು. 1996ರಲ್ಲಿ ರಾಜ್ಯ ಸರ್ಕಾರ ತನ್ನದೇ ಏಡ್ಸ್ ನೀತಿ ರೂಪಿಸಿ ಶುದ್ಧ ಸೂಜಿಯ ಕೆಲಸಕ್ಕೆ ಒಪ್ಪಿಗೆ ಕೊಟ್ಟಿತು. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯಿದೆ, ಸೋಂಕು ತಡೆಯಲು ಸೂಜಿ ಕೊಡುವುದು ಅಪರಾಧವಲ್ಲ ಎಂದು ದೇಶಕ್ಕೆಲ್ಲ ಅನ್ವಯಿಸುವಂತೆ ಬರೆಯಿತು.

ಸೂಜಿಯ ಮಾತು ಹಾಗಿರಲಿ, ಆರೈಕೆಗೆ ಯಾರು ಅರ್ಹರು ಎಂಬ ಪ್ರಶ್ನೆಯೂ ಇದೆ. ಬೌದ್ಧ ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕದಲ್ಲಿ ಅತಿಸಾರದಿಂದ ತನ್ನದೇ ಮಲದಲ್ಲಿ ಬಿದ್ದಿದ್ದ ಭಿಕ್ಷುವೊಬ್ಬನ ಪ್ರಸಂಗವಿದೆ. ಯಾಕೆ ಇವನನ್ನು ಯಾರೂ ನೋಡಿಕೊಳ್ಳುತ್ತಿಲ್ಲ ಎಂದು ಬುದ್ಧ ಕೇಳಿದಾಗ ಬಂದ ಉತ್ತರ, ಇವನು ಉಳಿದವರಿಗೆ ಯಾವ ಉಪಕಾರವನ್ನೂ ಮಾಡಿದವನಲ್ಲ ಎಂದು. ಬುದ್ಧ ನೀರು ಹೊಯ್ದ, ಆನಂದ ತೊಳೆದ, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಅರ್ಹತೆಯ ವಾದ ಎಷ್ಟು ಹಳೆಯದು ನೋಡಿ.

ಅದೇ ವಾದ ನಮ್ಮ ಕಾಲದಲ್ಲಿ ಔಷಧದ ಬೆಲೆಪಟ್ಟಿಯಲ್ಲೂ ವಿಮೆಯ ನಿಯಮಗಳಲ್ಲೂ ತಲೆಹಾಕಿತು. ಹೆಪಟೈಟಿಸ್ ಸಿಗೆ ಮೊದಲಿದ್ದ ಪೆಗಿಲೇಟೆಡ್ ಇಂಟರ್‌ಫೆರಾನ್ ಇಂಜೆಕ್ಷನ್ನಿಗೆ ಆರು ತಿಂಗಳಿಗೆ ನಾಲ್ಕು ಲಕ್ಷ ರೂಪಾಯಿ ದಾಟುತ್ತಿತ್ತು. ಎಚ್‌ಐವಿ ಇದ್ದವರಲ್ಲಿ ಅರ್ಧದಷ್ಟು ಜನರೂ ಗುಣವಾಗುತ್ತಿರಲಿಲ್ಲ. ರೋಶ್ ಕಂಪನಿಗೆ ಅದರ ಮೇಲೆ 2006ರಲ್ಲಿ ಪೇಟೆಂಟ್ ಸಿಕ್ಕಿತ್ತು, ಭಾರತದ ಹೊಸ ಪೇಟೆಂಟ್ ಕಾನೂನಿನಡಿ ಔಷಧಕ್ಕೆ ಸಿಕ್ಕ ಮೊದಲನೆಯದು. ಅದನ್ನು ಪ್ರಶ್ನಿಸಿದ್ದು ಮುಂಬೈನಲ್ಲಿ ಬೀದಿಬದಿಯ ಮಾದಕ ವ್ಯಸನಿಗಳ ಜೊತೆ ಕೆಲಸ ಮಾಡುವ ಸಂಕಲ್ಪ್ ಎಂಬ ಟ್ರಸ್ಟ್. 2012ರ ನವೆಂಬರ್‌ನಲ್ಲಿ ಮೇಲ್ಮನವಿ ಮಂಡಳಿ ಪೇಟೆಂಟನ್ನು ರದ್ದುಮಾಡಿತು. ಲೋಕ ಪಾಪಿಗಳೆಂದು ಬದಿಗಿಟ್ಟವರ ಪರವಾಗಿ ಹೂಡಿದ ವ್ಯಾಜ್ಯದಲ್ಲಿ ಗೆದ್ದದ್ದು ಎಲ್ಲ ರೋಗಿಗಳೂ.

2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೋಫೋಸ್‌ಬುವಿರ್ ಮಾತ್ರೆ ಬಂತು. ಗಿಲಿಯಡ್ ಕಂಪನಿ ಒಂದು ಮಾತ್ರೆಗೆ 1,000 ಡಾಲರ್, ಹನ್ನೆರಡು ವಾರಕ್ಕೆ 84,000 ಡಾಲರ್ ಬೆಲೆಯಿಟ್ಟಿತು. ತಯಾರಿಕೆಗೆ ಬೀಳುವ ಖರ್ಚು ಪೂರ್ತಿ ಕೋರ್ಸಿಗೆ 68ರಿಂದ 136 ಡಾಲರ್ ಇರಬಹುದೆಂದು ಮರುವರ್ಷ ಸಂಶೋಧಕರು ಅಂದಾಜು ಮಾಡಿದರು. ಆ ಬೆಲೆಯ ಮುಂದೆ ಅಮೆರಿಕದ ಹಲವು ರಾಜ್ಯಗಳು ಬಡವರ ಮೆಡಿಕೇಡ್ ಯೋಜನೆಯಲ್ಲಿ ಎರಡು ಷರತ್ತು ಹಾಕಿದವು: ಲಿವರ್ ಸಾಕಷ್ಟು ಕೆಟ್ಟಿರಬೇಕು, ಜೊತೆಗೆ ಆರು ತಿಂಗಳಿನಿಂದ ಹೆಂಡ, ಮಾದಕ ವಸ್ತು ಮುಟ್ಟಿರಬಾರದು. ಎರಡನೆಯ ಷರತ್ತಿಗೆ ವೈದ್ಯಶಾಸ್ತ್ರದಲ್ಲಿ ಆಧಾರ ಇರಲಿಲ್ಲ. ಆಗಲೂ ಚುಚ್ಚಿಕೊಳ್ಳುತ್ತಿದ್ದವರ ಮೇಲೆಯೇ ನಡೆಸಿ 2018ರಲ್ಲಿ ಪ್ರಕಟಿಸಿದ ‘ಸಿಂಪ್ಲಿಫೈ’ ಅಧ್ಯಯನದಲ್ಲಿ ನೂರಕ್ಕೆ 94 ಮಂದಿ ಗುಣವಾದರು. ಎಚ್‌ಐವಿ ಇದ್ದರೂ ಈ ಹೊಸ ಮಾತ್ರೆಗಳ ಫಲ ಕಡಿಮೆಯಾಗುವುದಿಲ್ಲ. ಅಂದಮೇಲೆ ಷರತ್ತಿನ ಹಿಂದೆ ಇದ್ದದ್ದು ಖರ್ಚಿನ ಲೆಕ್ಕ, ಅದನ್ನು ಮುಚ್ಚಲು ಹೊದಿಸಿದ್ದು ನೈತಿಕತೆಯ ಹೊದಿಕೆ.

ಭಾರತದಲ್ಲಿ ದೆಹಲಿಯ ಎಚ್‌ಐವಿ ಪೀಡಿತರ ಸಂಘಟನೆಯೂ ಸೇರಿದಂತೆ ಕೆಲವರು ಸೋಫೋಸ್‌ಬುವಿರ್‌ನ ಪೇಟೆಂಟ್ ಅರ್ಜಿಗೆ ತಕರಾರು ಹಾಕಿದರು. 2014ರ ಸೆಪ್ಟೆಂಬರ್‌ನಲ್ಲಿ ಗಿಲಿಯಡ್ ಭಾರತದ ಏಳು ಕಂಪನಿಗಳಿಗೆ ತಯಾರಿಕೆಯ ಪರವಾನಗಿ ಕೊಟ್ಟಿತು. ಬೆಂಗಳೂರಿನ ಸ್ಟ್ರೈಡ್ಸ್ ಅದರಲ್ಲೊಂದು. ಕೆಲವೇ ವರ್ಷಗಳಲ್ಲಿ ಇಡೀ ಕೋರ್ಸ್ ಸರ್ಕಾರದ ಖರೀದಿಗೆ ಕೆಲವು ಸಾವಿರ ರೂಪಾಯಿಗೆ ಇಳಿಯಿತು. ಪಂಜಾಬ್ 2016ರಲ್ಲಿ ತನ್ನ ಜನಕ್ಕೆ ಪುಕ್ಕಟೆಯಾಗಿ ಕೊಡಲು ಶುರುಮಾಡಿತು. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ದೇಶಕ್ಕೆಲ್ಲ ಹಬ್ಬಿತು.

ಒಂದು ಕಠಿಣ ಪ್ರಶ್ನೆ ಉಳಿದೇ ಇದೆ. ಹೆಪಟೈಟಿಸ್ ಸಿ ಒಮ್ಮೆ ವಾಸಿಯಾದರೆ ಮತ್ತೆ ಬಾರದೆಂಬ ಖಾತ್ರಿಯಿಲ್ಲ, ಲಸಿಕೆಯೂ ಇಲ್ಲ. ಗುಣವಾದವನು ಮತ್ತೆ ಸೂಜಿ ಹಂಚಿಕೊಂಡು ಮತ್ತೆ ಸೋಂಕು ತಂದುಕೊಂಡರೆ? ಎರಡನೇ ಸಲವೂ ಸರ್ಕಾರದ ದುಡ್ಡಿನಲ್ಲಿ ಔಷಧ ಕೊಡಬೇಕೇ? ಇಲ್ಲಿ ಒಳ್ಳೆಯ ಮನಸ್ಸಿನವರೂ ತಡವರಿಸುತ್ತಾರೆ. ಆದರೆ ಎರಡನೇ ಸಲ ಹೃದಯಾಘಾತವಾಗಿ ಬಂದವನನ್ನು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿ, ಈ ವರ್ಷ ಎಷ್ಟು ಪ್ಲೇಟ್ ಬೋಂಡಾ ತಿಂದೆ ಎಂದು ಯಾರೂ ಕೇಳುವುದಿಲ್ಲ. ಕೇಳದಿರುವುದು ಸರಿಯೇ. ಮೇಲಾಗಿ ಒಬ್ಬನ ರಕ್ತದಿಂದ ವೈರಾಣು ಹೋದರೆ ಅವನ ಸೂಜಿ ಮುಟ್ಟುವ ಇನ್ನು ನಾಲ್ಕು ಜನರಿಗೂ ರಕ್ಷೆ. ಕರುಣೆಯೂ ಲೆಕ್ಕಾಚಾರವೂ ಒಂದೇ ಕಡೆ ಬೆರಳು ತೋರಿಸುವ ಸಂದರ್ಭ ಬದುಕಿನಲ್ಲಿ ಅಪರೂಪ. ಇದು ಅಂಥದ್ದು: ಎರಡನೇ ಸಲವೂ ಕೊಡಬೇಕು, ಮೂರನೇ ಸಲವೂ.

ಎಚ್‌ಐವಿ ಇರುವವರು, ಅವರ ಮನೆಯವರು ಓದುತ್ತಿದ್ದರೆ ಒಂದು ಮಾತು. ಎಚ್‌ಐವಿ ಇರುವ ಎಲ್ಲರಿಗೂ ಹೆಪಟೈಟಿಸ್ ಸಿ ಪರೀಕ್ಷೆಯಾಗಬೇಕು ಎಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೋದ ಮಾರ್ಗಸೂಚಿಯೇ ಹೇಳುತ್ತದೆ. ಹೇಗೆ ಸೋಂಕು ಬಂತು ಎಂಬುದಕ್ಕೂ ಈ ಪರೀಕ್ಷೆಗೂ ಸಂಬಂಧವಿಲ್ಲ. ನಿಮ್ಮ ಎಆರ್‌ಟಿ ಕೇಂದ್ರದಲ್ಲಿ ಇನ್ನೂ ಮಾಡಿಸಿಲ್ಲವಾದರೆ ನೀವೇ ಕೇಳಿ. ಮೊದಲ ಪರೀಕ್ಷೆ ಪಾಸಿಟಿವ್ ಬಂದರೆ ಗಾಬರಿಬೇಡ. ವೈರಾಣು ಈಗಲೂ ಇದೆಯೇ ಎಂದು ತಿಳಿಯಲು ಆರ್‌ಎನ್‌ಎ ಪರೀಕ್ಷೆ ಮಾಡಿಸಬೇಕು. ಇದ್ದರೆ, ಹೆಚ್ಚಿನವರಿಗೆ ದಿನಕ್ಕೊಮ್ಮೆಯಂತೆ ಹನ್ನೆರಡು ವಾರ ಮಾತ್ರೆ, ನೂರಕ್ಕೆ 95ರಷ್ಟು ಜನ ಗುಣವಾಗುತ್ತಾರೆ. ಈಗ ತೆಗೆದುಕೊಳ್ಳುತ್ತಿರುವ ಎಚ್‌ಐವಿ ಮಾತ್ರೆಗಳ ಹೆಸರನ್ನು ವೈದ್ಯರಿಗೆ ಮರೆಯದೆ ಹೇಳಿ, ಕೆಲವಕ್ಕೆ ಪ್ರಮಾಣ ಬದಲಿಸಬೇಕಾಗುತ್ತದೆ. ಪರೀಕ್ಷೆಗೂ ಔಷಧಕ್ಕೂ ರಾಷ್ಟ್ರೀಯ ಕಾರ್ಯಕ್ರಮದ ಚಿಕಿತ್ಸಾ ಕೇಂದ್ರಗಳಲ್ಲಿ ದುಡ್ಡು ಕೊಡಬೇಕಿಲ್ಲ.